ರೂಮಿನಲ್ಲಿ ಟಿಪ್ಸ್: ಯಾರಿಗೆ ಕೊಡಬೇಕು, ಎಷ್ಟು, ಎಲ್ಲಿಡಬೇಕು?

ಬ್ಯಾಗ್ ಹೊತ್ತು ತಂದವರು ಬಾಗಿಲ ಹತ್ತಿರ ನಿಂತಿದ್ದಾರೆ. ಎಸಿ ಹಾಕಿ ತೋರಿಸಿದ್ದಾಯಿತು, ಪರದೆ ಸರಿಸಿದ್ದಾಯಿತು. ನಿಮ್ಮ ಪರ್ಸಿನಲ್ಲಿರುವುದು ದೊಡ್ಡ ನೋಟು ಮಾತ್ರ. ಇಬ್ಬರೂ ಸುಮ್ನೆ ನಗುತ್ತೀರಿ.

ಈ ಪೇಚಾಟ ಬೇಡವೆಂದರೆ ಹೊರಡುವ ಮೊದಲೇ ಸ್ವಲ್ಪ ತಯಾರಿ ಬೇಕು. (ಇಲ್ಲಿ ಹೋಟೆಲ್ ಎಂದರೆ ಉಳಿದುಕೊಳ್ಳುವ ಹೋಟೆಲ್. ಊಟದ ಹೋಟೆಲಿನ ಲೆಕ್ಕ ಬೇರೆ.)

1. ಆ ದೇಶದಲ್ಲಿ ಕೊಡುತ್ತಾರಾ ತಿಳಿದುಕೊಳ್ಳಿ

ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿ ಇಲ್ಲ. ಮೇಜಿನ ಮೇಲೆ ಬಿಟ್ಟ ಹಣವನ್ನು ಮರೆತು ಹೋದಿರೇನೋ ಎಂದು ಹಿಂದೆಯೇ ತಂದು ಕೊಡುವುದೂ ಉಂಟು. ಅಲ್ಲಿನ ಹಳೆಯ ಕಾಲದ ತಂಗುಮನೆಗಳಾದ ರ‍್ಯೊಕಾನ್‌ಗಳಲ್ಲಿ ಮಾತ್ರ ‘ಕೊಕೊರೊಜುಕೆ’ ಎಂಬ ಪದ್ಧತಿ ಇದೆ. ನಿಮ್ಮನ್ನು ನೋಡಿಕೊಳ್ಳುವವರಿಗೆ ಬಂದ ದಿನವೇ ಪುಟ್ಟ ಲಕೋಟೆಯಲ್ಲಿ ಹಣ ಇಟ್ಟು ಕೊಡುವುದು. ಅದೂ ಕಡ್ಡಾಯವಲ್ಲ.

ಅಮೆರಿಕ ಇದಕ್ಕೆ ತದ್ವಿರುದ್ಧ. ಬಡಿಸುವವರಂಥ, ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೂ ಸಾಕು ಎನ್ನುತ್ತದೆ ಅಲ್ಲಿನ ಕೇಂದ್ರ ಕಾನೂನು. 1991ರಿಂದ ಆ ಅಂಕಿ ಬದಲಾಗಿಲ್ಲ! ಟಿಪ್ಸ್ ಸೇರಿಸಿಯೂ ಕನಿಷ್ಠ ಕೂಲಿ ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿಕೊಡಬೇಕು. ಹಲವು ರಾಜ್ಯಗಳು ಹೆಚ್ಚು ಕೂಲಿ ನಿಗದಿ ಮಾಡಿವೆ, ನಿಜ. ಆದರೂ ಟಿಪ್ಸ್ ಅಲ್ಲಿ ಸಂಬಳದ ಭಾಗವೇ ಆಗಿಹೋಗಿದೆ. ಫ್ರಾನ್ಸಿನಲ್ಲಿ ಸೇವೆಯ ಹಣ ಬಿಲ್ಲಿನ ದರದಲ್ಲೇ ಸೇರಿರುತ್ತದೆ. ಖುಷಿಯಾದರೆ ಒಂದಿಷ್ಟು ಚಿಲ್ಲರೆ ಬಿಡುತ್ತಾರೆ, ಅಷ್ಟೆ.

2. ಬಿಲ್ ಓದಿ

‘ಸರ್ವೀಸ್ ಚಾರ್ಜ್’ ಸೇರಿದೆಯಾ ನೋಡಿ. ಸೇರಿದ್ದರೆ ಮತ್ತೆ ಕೊಡಬೇಕಾಗಿಲ್ಲ. ಆದರೆ ಆ ಹಣ ಕೆಲಸದವರ ಕೈಗೇ ಹೋಗುತ್ತದೆ ಎಂಬ ಖಾತರಿ ಎಲ್ಲ ಕಡೆ ಇಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ ಕಾನೂನೇ ಬಂದಿದೆ: ಟಿಪ್ಸ್ ಮತ್ತು ಸರ್ವೀಸ್ ಚಾರ್ಜ್ ಎರಡನ್ನೂ ಮಾಲೀಕರು ಮುರಿದುಕೊಳ್ಳದೆ ನೌಕರರಿಗೆ ಹಂಚಬೇಕು. ಬೇರೆ ಕಡೆ ರಿಸೆಪ್ಷನ್‌ನಲ್ಲಿ ಒಂದು ಮಾತು ಕೇಳಿಬಿಡಿ, ತಪ್ಪೇನಿಲ್ಲ. ‘ರೆಸಾರ್ಟ್ ಫೀ’ ಅಂತ ಇದ್ದರೆ ಅದು ಟಿಪ್ಸ್ ಅಲ್ಲ, ಹೋಟೆಲಿನದೇ ವಸೂಲಿ.

3. ಚಿಲ್ಲರೆ ಮಾಡಿಸಿಕೊಳ್ಳಿ

ಆ ಊರಿನ ಸಣ್ಣ ನೋಟು ಬೇಕು. ನಿಮ್ಮ ದೇಶದ ನಾಣ್ಯ ಕೊಡಬೇಡಿ. ಹಣ ಬದಲಿಸಿಕೊಡುವವರು ಸಾಮಾನ್ಯವಾಗಿ ಪರದೇಶದ ನಾಣ್ಯ ಮುಟ್ಟುವುದಿಲ್ಲ, ಪಡೆದವರಿಗೆ ಅದು ಆಟದ ಸಾಮಾನು.

4. ಕಣ್ಣಿಗೆ ಬೀಳದವರಿಂದ ಶುರುಮಾಡಿ

ಬ್ಯಾಗ್ ತಂದವರು ಎದುರಿಗೇ ನಿಂತಿರುತ್ತಾರೆ, ಕೊಡುತ್ತೀರಿ. ನೀವು ಹೊರಗೆ ಸುತ್ತುವಾಗ ಬಚ್ಚಲು ತೊಳೆದು, ಭಾರದ ಹಾಸಿಗೆ ಎತ್ತಿ ಬೆಡ್‌ಶೀಟ್ ಬದಲಿಸುವವರ ಮುಖವನ್ನೇ ನೀವು ನೋಡಿರುವುದಿಲ್ಲ. ನನ್ನ ಲೆಕ್ಕದಲ್ಲಿ ಮೊದಲ ಹಕ್ಕು ಅವರದು.

ಅಮೆರಿಕದಲ್ಲಿ ಹೌಸ್‌ಕೀಪಿಂಗ್‌ನವರಿಗೆ ರಾತ್ರಿಗೆ 1ರಿಂದ 5 ಡಾಲರ್ ಕೊಡುವುದು ವಾಡಿಕೆ. ಬೇರೆ ಕಡೆ ಎಷ್ಟು ಎಂದು ತೋಚದಿದ್ದರೆ ನಾನು ಇಟ್ಟುಕೊಂಡಿರುವ ಅಳತೆ ಹೇಳುತ್ತೇನೆ: ಹೋಟೆಲಿನ ಹೊರಗೆ, ಆ ಬೀದಿಯಲ್ಲಿ ಒಂದು ಕಾಫಿಗೆ ಎಷ್ಟೋ ಒಂದು ರಾತ್ರಿಗೆ ಅಷ್ಟು. ಮಕ್ಕಳಿದ್ದು ರೂಮು ರಣರಂಗವಾಗಿದ್ದರೆ ಎರಡು ಕಾಫಿ.

ಪ್ರತಿದಿನ ಬೆಳಿಗ್ಗೆ ಇಡಿ. ಕೊನೆಯ ದಿನ ಒಟ್ಟಿಗೆ ಇಟ್ಟರೆ ಮೂರು ದಿನ ಗುಡಿಸಿದವರಿಗೆ ಅಂದು ರಜೆ ಇರಬಹುದು, ಹಣವೆಲ್ಲ ಬೇರೆಯವರಿಗೆ ಸೇರುತ್ತದೆ.

ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ಒಮ್ಮೆ ನಾನು ಎರಡು ನೋಟು ಮೇಜಿನ ಮೇಲೆ ಬಿಟ್ಟು ಹೋಗಿದ್ದೆ. ಸಂಜೆ ಬಂದು ನೋಡಿದರೆ ಮೇಜು ಒರೆಸಿ, ನೋಟುಗಳನ್ನು ನೀಟಾಗಿ ಜೋಡಿಸಿ ಅಲ್ಲೇ ಇಟ್ಟಿದ್ದರು. ಚೀಟಿ ಇಲ್ಲದ ಹಣ ಮುಟ್ಟಿದರೆ ಕಳ್ಳತನದ ಮಾತು ಬರುತ್ತದೆ ಎಂಬ ಹೆದರಿಕೆ ಅವರಿಗೆ ಇರುತ್ತದೆ ಅಲ್ವಾ? ಹಾಗಾಗಿ ದಿಂಬಿನ ಮೇಲಿಡಿ, ಜೊತೆಗೆ ‘ಹೌಸ್‌ಕೀಪಿಂಗ್‌ಗೆ, ಥ್ಯಾಂಕ್ಸ್’ ಎಂದು ಆ ಊರಿನವರಿಗೆ ತಿಳಿಯುವ ಭಾಷೆಯಲ್ಲಿ ಬರೆದ ಚೀಟಿ. 2014ರಲ್ಲಿ ಮ್ಯಾರಿಯಟ್ ಕಂಪನಿ ಅಮೆರಿಕ, ಕೆನಡಾದ ತನ್ನ ರೂಮುಗಳಲ್ಲಿ ಇದಕ್ಕೆಂದೇ ಲಕೋಟೆ ಇಡಿಸಿತು. ‘ಲಕೋಟೆ ಯಾಕೆ, ಸಂಬಳವನ್ನೇ ಜಾಸ್ತಿ ಮಾಡಿ’ ಎಂದು ಬೈಸಿಕೊಂಡಿತು ಕೂಡ. ಬೈದವರ ಮಾತು ನನಗೂ ಸರಿಯೆನಿಸುತ್ತದೆ. ಹಾಗೆಂದು ಅದು ಆಗುವವರೆಗೆ ಕೈ ಬಿಗಿ ಹಿಡಿಯುವುದು ಸರಿಯಲ್ಲ.

5. ಉಳಿದವರು

ಬ್ಯಾಗಿಗೆ ಅಮೆರಿಕದಲ್ಲಿ ಒಂದೆರಡು ಡಾಲರ್, ಬೇರೆಡೆ ಅದೇ ಕಾಫಿ ಲೆಕ್ಕ. ಬ್ಯಾಗ್ ನೀವೇ ಹೊರುವುದಾದರೆ ಲಾಬಿಯಲ್ಲೇ ‘ಬೇಡ, ನಾನೇ ತಗೊಂಡು ಹೋಗ್ತೀನಿ’ ಎಂದುಬಿಡಿ. ರೂಮಿನ ಬಾಗಿಲಲ್ಲಿ ಹೇಳಿದರೆ ಪ್ರಯೋಜನವಿಲ್ಲ. ರೂಮ್ ಸರ್ವೀಸ್ ಬಿಲ್ಲಿನಲ್ಲಿ ಟಿಪ್ಸ್ ಎಷ್ಟೋ ಸಲ ಮೊದಲೇ ಸೇರಿರುತ್ತದೆ, ನೋಡಿ ಸಹಿ ಮಾಡಿ. ದಾರಿ ಹೇಳಿದ್ದಕ್ಕೆಲ್ಲ ಕೊಡಬೇಕಿಲ್ಲ. ಸಿಗದ ಟಿಕೆಟ್ ಓಡಾಡಿ ಕೊಡಿಸಿದ್ದರೆ ಧಾರಾಳವಾಗಿ ಕೊಡಿ. ರಿಸೆಪ್ಷನ್‌ನವರು, ಮ್ಯಾನೇಜರು ಏನನ್ನೂ ನಿರೀಕ್ಷಿಸುವುದಿಲ್ಲ.

ಕೈಯಲ್ಲಿ ದುಡ್ಡು ಕಮ್ಮಿಯಾ? ಚೆನ್ನಾಗಿ ನೋಡಿಕೊಂಡವರ ಹೆಸರು ಬರೆದು ಮ್ಯಾನೇಜರಿಗೆ ನಾಲ್ಕು ಸಾಲು ಕೊಡಿ. ಬಡ್ತಿಯ ಹೊತ್ತಿಗೆ ಅದು ಉಪಯೋಗಕ್ಕೆ ಬರಬಹುದು.

ಇನ್ನೊಂದು ಪ್ರಶ್ನೆ ಬಹಳ ಜನ ಕೇಳುತ್ತಾರೆ. ಬಾಗಿಲಿಗೆ ‘ತೊಂದರೆ ಕೊಡಬೇಡಿ’ ಬೋರ್ಡ್ ನೇತುಹಾಕಿ ನಾಲ್ಕು ದಿನ ಯಾರನ್ನೂ ಒಳಗೆ ಬಿಟ್ಟಿಲ್ಲ, ಆಗಲೂ ಕೊಡಬೇಕಾ? ಆ ದಿನಗಳಿಗೆ ಬೇಡ. ಹೊರಡುವ ದಿನ ಮಾತ್ರ ದುಪ್ಪಟ್ಟು ಇಡಿ. ನಾಲ್ಕು ದಿನದ ಕಸ, ಒದ್ದೆ ಟವೆಲ್ಲು ಎಲ್ಲ ಆವತ್ತು ಒಬ್ಬರ ತಲೆಗೇ ಬೀಳುತ್ತದೆ.