ಮುಯ್ಯಿ ಪುಸ್ತಕದಿಂದ ಆರಂಭ: ಹೊಸ ದಂಪತಿಗೆ ಸಂಸಾರದ ಲೆಕ್ಕ

ಮದುವೆಯ ಗಡಿಬಿಡಿ ಮುಗಿದು, ಬೆಂಗಳೂರಿನ ಬಾಡಿಗೆ ಮನೆಯೊಂದರಲ್ಲಿ ಹಾಲು ಉಕ್ಕಿಸಿದ ಮೊದಲ ವಾರದಲ್ಲೇ ಗಂಡ ಹೆಂಡತಿ ಜೊತೆಯಾಗಿ ಕುಳಿತು ನೋಡಬೇಕಾದ ಲೆಕ್ಕವೆಂದರೆ ಮುಯ್ಯಿ ಪುಸ್ತಕ. ಯಾರು ಎಷ್ಟು ಹಣ ಬರೆಸಿದರು, ಯಾರು ಬೆಳ್ಳಿಯ ಬಟ್ಟಲು ಕೊಟ್ಟರು ಎಂಬ ಆ ಪಟ್ಟಿಯನ್ನು ಅನೇಕರು ಬಂದ ಹಣದ ದಾಖಲೆ ಎಂದಷ್ಟೇ ಭಾವಿಸುತ್ತಾರೆ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಕೊಟ್ಟವರ ಮನೆಯ ಮದುವೆ, ಗೃಹಪ್ರವೇಶಗಳಿಗೆ ಹಿಂತಿರುಗಿಸಬೇಕಾದ ಬಾಕಿಯ ಪಟ್ಟಿಯೂ ಅದೇ. ಆದ್ದರಿಂದ ಮುಯ್ಯಿಯ ಹಣವನ್ನು ಸೋಫಾಕ್ಕೋ ದೊಡ್ಡ ಟಿ.ವಿ.ಗೋ ಸುರಿಯದೆ, ಮೊದಲು ಮದುವೆಗೆಂದು ಮಾಡಿದ ಸಾಲಕ್ಕೆ ಕಟ್ಟಿ, ಮಿಕ್ಕಿದ್ದನ್ನು ಆಪತ್ಕಾಲಕ್ಕೆ ಎತ್ತಿಡಿ. ಆ ಸಾಲ ನಿಮ್ಮ ಹೆಸರಿನಲ್ಲಿಲ್ಲದೆ ತಂದೆತಾಯಿಯ ಹೆಸರಿನಲ್ಲಿದ್ದರೂ ಅದು ನಿಮ್ಮ ಮದುವೆಯ ಸಾಲವೇ. ಇದೇ ಸಂದರ್ಭದಲ್ಲಿ ಮತ್ತೊಂದು ಮಾತು ಸ್ಪಷ್ಟವಾಗಿರಲಿ: ವಧುವಿಗೆ ತವರಿನವರೂ ಇತರರೂ ಪ್ರೀತಿಯಿಂದ ಕೊಟ್ಟ ಒಡವೆ ಕಾನೂನಿನ ಕಣ್ಣಿನಲ್ಲಿ ಸ್ತ್ರೀಧನ, ಆಕೆಯೊಬ್ಬಳ ಸ್ವತ್ತು. ಅದನ್ನು ಸಂಸಾರದ ಉಳಿತಾಯವೆಂದು ಲೆಕ್ಕಕ್ಕೆ ಹಿಡಿಯಬಾರದು.

ಅನಂತರ ಇಬ್ಬರೂ ತಮ್ಮ ಸಂಬಳದ ಚೀಟಿ, ಬ್ಯಾಂಕ್ ಖಾತೆ, ಬಾಕಿ ಇರುವ ಸಾಲ, ಕ್ರೆಡಿಟ್ ಕಾರ್ಡ್ ಇವಿಷ್ಟನ್ನೂ ಒಂದೇ ಹಾಳೆಯ ಮೇಲೆ ಬರೆಯಬೇಕು. ಓದಿನ ಸಾಲವೋ ಬೈಕಿನ ಸಾಲವೋ ಇದ್ದುದನ್ನು ಮದುವೆಗೆ ಮೊದಲು ಹೇಳದೆ ಉಳಿದಿದ್ದರೆ ಹೇಳುವ ದಿನ ಇದೇ. ಮಿತವ್ಯಯವೆಂದರೆ ಖರ್ಚು ಕಡಿತಗೊಳಿಸುವುದು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ಒಬ್ಬರು ಲೆಕ್ಕವಿಟ್ಟು ಇನ್ನೊಬ್ಬರು ಕೈಚಾಚುವ ಮನೆಯಲ್ಲಿ ಕಡಿತವು ಶಿಕ್ಷೆಯಂತೆ ತೋರುತ್ತದೆ, ಬಹುಕಾಲ ನಡೆಯುವುದೂ ಇಲ್ಲ. ಇಬ್ಬರ ಕಣ್ಣಮುಂದೆಯೂ ಅದೇ ಅಂಕಿಗಳಿದ್ದರೆ 'ಈ ತಿಂಗಳು ಬೇಡ' ಎಂಬ ಮಾತನ್ನು ಯಾರು ಆಡಿದರೂ ಅದು ಇಬ್ಬರ ಮಾತಾಗುತ್ತದೆ.

ಒಂದು ಉದಾಹರಣೆ ನೋಡೋಣ. ಕೈಗೆ ಬರುವ ಸಂಬಳ ಒಬ್ಬರಿಗೆ 32,000 ರೂಪಾಯಿ, ಇನ್ನೊಬ್ಬರಿಗೆ 28,000 ರೂಪಾಯಿ ಎಂದುಕೊಳ್ಳಿ. ಬಾಡಿಗೆ 14,000, ದಿನಸಿ, ಹಾಲು, ತರಕಾರಿ 8,000, ಗ್ಯಾಸು, ಕರೆಂಟು, ಇಂಟರ್ನೆಟ್ಟು 2,000, ಓಡಾಟ 3,000, ಇತರೆ 3,000 ಸೇರಿ ಮನೆಯ ಖರ್ಚು 30,000 ರೂಪಾಯಿ. ಇದನ್ನು ಸಮಪಾಲು ಮಾಡುವುದಕ್ಕಿಂತ ಸಂಬಳದ ಪ್ರಮಾಣಕ್ಕೆ ತಕ್ಕಂತೆ 16,000 ಮತ್ತು 14,000 ಎಂದು ಹಂಚಿಕೊಳ್ಳುವುದು ನ್ಯಾಯವೆಂದು ನಾನು ನಂಬಿದ್ದೇನೆ. ಈ ಹಣ ಸಂಬಳ ಬಂದ ದಿನವೇ ಇಬ್ಬರ ಹೆಸರಿನ ಜಂಟಿ ಖಾತೆಗೆ ಹೋಗಲಿ, ಬಾಡಿಗೆಯೂ ದಿನಸಿಯೂ ಅಲ್ಲಿಂದಲೇ ಸಾಗಲಿ. ಈ ಲೆಕ್ಕದಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಮನೆಯ ಖರ್ಚು ಪೂರ್ತಿಯಾಗಿ ದೊಡ್ಡ ಸಂಬಳವೊಂದರೊಳಗೇ ಮುಗಿಯುತ್ತದೆ. ಮುಂದೆ ಹೆರಿಗೆಯ ನಂತರ ರಜೆ ಮುಗಿದ ಮೇಲೂ ಕೆಲವು ಕಾಲ ಒಬ್ಬರು ಮನೆಯಲ್ಲಿರಬೇಕಾಗಬಹುದು, ಕೆಲಸವೇ ಹೋಗಬಹುದು. ಆಗ ಬದುಕಿನ ರೀತಿ ಬದಲಾಗಬಾರದೆಂದರೆ ಒಂದೇ ಸಂಬಳದಲ್ಲಿ ಸಂಸಾರ ನಡೆಸುವ ಅಭ್ಯಾಸ ಮೊದಲ ವರ್ಷದಿಂದಲೇ ಇರಬೇಕು.

ಉಳಿದ 30,000 ರೂಪಾಯಿಯಲ್ಲಿ ಮೊದಲ ಪಾಲು ಊರಿನ ಎರಡು ಮನೆಗಳದ್ದು. ದಂಪತಿಗಳ ನಡುವೆ ಅತಿ ಹೆಚ್ಚು ಮನಸ್ತಾಪ ಹುಟ್ಟುವುದು ಇಲ್ಲಿಯೇ, ಅದೂ ಕೊಟ್ಟ ಮೊತ್ತಕ್ಕಿಂತ ಹೇಳದೆ ಕೊಟ್ಟದ್ದರಿಂದ. ಅತ್ತೆಯ ಔಷಧಿಗೆ ಕಳುಹಿಸಿದ್ದು ಸಂಸಾರದ ಖರ್ಚು, ಹೆಂಡತಿಯ ತವರಿಗೆ ಕಳುಹಿಸಿದ್ದು ಅವಳ ಸ್ವಂತ ಖರ್ಚು ಎಂಬ ರೂಢಿಯ ಲೆಕ್ಕವನ್ನು ಹೊಸ ಮನೆಯೊಳಗೆ ತರಬೇಡಿ. ಎರಡೂ ಕಡೆಗೆ ತಲಾ 4,000 ಎಂದು ನಿಗದಿಪಡಿಸಿ. ಒಂದು ಕಡೆ ಹೊಲದ ಆದಾಯವೋ ಪಿಂಚಣಿಯೋ ಇದ್ದು ಇನ್ನೊಂದು ಕಡೆ ಏನೂ ಇಲ್ಲದಿದ್ದರೆ ಮೊತ್ತ ಬೇರೆಯಾಗಬಹುದು, ಆದರೆ ತೀರ್ಮಾನ ಜೊತೆಯಲ್ಲೇ ಆಗಬೇಕು. ಗಂಡನ ಮನೆಗೆ ಕಳುಹಿಸುವ ಹಣವನ್ನು ಹೆಂಡತಿಯೂ, ಅವಳ ತವರಿಗೆ ಕಳುಹಿಸುವುದನ್ನು ಗಂಡನೂ ತಮ್ಮ ಕೈಯಿಂದ ಕಳುಹಿಸಿ ಒಂದು ಫೋನು ಮಾಡಿದರೆ ಅದರಿಂದಾಗುವ ಒಳಿತು ಯಾವ ಲೆಕ್ಕಪುಸ್ತಕಕ್ಕೂ ಸಿಗುವಂಥದ್ದಲ್ಲ. ನಮ್ಮ ಮನೆಯಲ್ಲಿ ಹಾಗೆಯೇ ನಡೆದುಬಂದಿದೆ.

ಇಬ್ಬರಿಗೂ ತಲಾ 3,000 ರೂಪಾಯಿ, ಯಾರೂ ಲೆಕ್ಕ ಕೇಳದ ಸ್ವಂತ ಹಣವಾಗಿರಲಿ. ನಮ್ಮ ಅಜ್ಜಿಯಂದಿರು ಸಾಸಿವೆ ಡಬ್ಬಿಯಲ್ಲಿ ಹಣ ಬಚ್ಚಿಡುತ್ತಿದ್ದುದಕ್ಕೆ ಅವರಿಗೆ ಕೇಳದೆ ಖರ್ಚು ಮಾಡುವ ಹಕ್ಕು ಇಲ್ಲದಿದ್ದುದೇ ಕಾರಣ; 2016ರ ನವೆಂಬರ್‌ನಲ್ಲಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ ಎಷ್ಟೋ ಮನೆಗಳಲ್ಲಿ ಆ ಗುಟ್ಟಿನ ಹಣ ಹೊರಬಂತು. ಬಚ್ಚಿಡುವ ಅಗತ್ಯವೇ ಇರಬಾರದು. ಒಬ್ಬರು ಮನೆಯಲ್ಲೇ ಇದ್ದು ಅಡುಗೆ, ಮಗು, ಹಿರಿಯರನ್ನು ನೋಡಿಕೊಳ್ಳುತ್ತಿದ್ದರೂ ಈ ಹಣ ತಪ್ಪದೆ ಅವರ ಖಾತೆಗೆ ಹೋಗಬೇಕು. ಫೋನಿನ ಯುಪಿಐಗೆ ಈ ಸಣ್ಣ ಖಾತೆಯನ್ನು ಮಾತ್ರ ಜೋಡಿಸಿಕೊಂಡರೆ ಚಹಾ, ಆಟೋ, ಆನ್‌ಲೈನ್ ಬಟ್ಟೆ ಎಂದು ಅರಿವಿಲ್ಲದೆ ಸೋರುವ ಹಣಕ್ಕೆ ತಾನಾಗಿ ಮಿತಿ ಬೀಳುತ್ತದೆ.

ಇನ್ನುಳಿದ 16,000ದಲ್ಲಿ 4,000 ರೂಪಾಯಿಯನ್ನು ವರ್ಷದ ಖರ್ಚಿಗೆ ಮೀಸಲಿಡಿ: ಗೌರಿ ಗಣೇಶ, ದೀಪಾವಳಿ, ಊರ ಜಾತ್ರೆ, ಗಾಡಿಯ ವಿಮೆ, ಮುಯ್ಯಿ. ಹಬ್ಬವು ಪಂಚಾಂಗದಲ್ಲಿ ಮೊದಲೇ ಅಚ್ಚಾಗಿರುವಾಗ ಅದಕ್ಕೆ ಸಾಲ ಮಾಡುವ ಕಾರಣವಿಲ್ಲ. ಮಿಕ್ಕ 12,000 ಉಳಿತಾಯ. ಅದು ಮೊದಲು ಆರು ತಿಂಗಳ ಮನೆಖರ್ಚಿನಷ್ಟು ಆಪತ್ಕಾಲದ ನಿಧಿಯಾಗಿ ಜಂಟಿ ಠೇವಣಿಗೆ ಹೋಗಲಿ. ಆ ಗುರಿ ಮುಟ್ಟಿದ ಮೇಲೆ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್‌ನಂಥ ದೀರ್ಘಕಾಲದ ಉಳಿತಾಯ. ಅದನ್ನು ವರ್ಷಕ್ಕೆ 500 ರೂಪಾಯಿಯಿಂದಲೂ ನಡೆಸಬಹುದು, ಅವಧಿ 15 ವರ್ಷ.

ಬಾಡಿಗೆ ಮನೆಯ ಅಡ್ವಾನ್ಸ್ ಕೂಡ ನಿಮ್ಮ ಹಣವೇ. ಹತ್ತು ತಿಂಗಳ ಬಾಡಿಗೆ ಕೇಳುವ ಹಳೆಯ ವಾಡಿಕೆ ನಗರದಲ್ಲಿ ಇಂದಿಗೂ ಕೆಲವೆಡೆ ಉಂಟು. ಚೌಕಾಸಿ ಮಾಡಿ ಅದನ್ನು ಐದಕ್ಕೋ ಆರಕ್ಕೋ ಇಳಿಸಿಕೊಳ್ಳಿ. 14,000 ಬಾಡಿಗೆಗೆ ಅಷ್ಟರಿಂದಲೇ ಕನಿಷ್ಠ 56,000 ರೂಪಾಯಿ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಮನೆ ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸಿ, ಒಳಗೆ ಬಂದ ದಿನವೇ ಗೋಡೆ, ನಲ್ಲಿಗಳ ಚಿತ್ರ ತೆಗೆದಿಡಿ. 2023ರಲ್ಲಿ ಆರಂಭವಾದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುವುದರಿಂದ, ಮನೆ ಬದಲಿಸಿದಾಗ ಆಧಾರ್ ಜೋಡಣೆಯನ್ನು ಹಳೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಯಿಂದ ಬಿಡಿಸಿ ಹೊಸದಕ್ಕೆ ಮಾಡಿಸಿಕೊಳ್ಳಬೇಕು. ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ ಎಂಬುದನ್ನು ಗೀಸರ್ ಹಾಕುವಾಗ ನೆನಪಿಡಿ. ಅಡುಗೆಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ: ತರಕಾರಿಯನ್ನು ಹಾಪ್‌ಕಾಮ್ಸ್‌ನಲ್ಲೋ ಸಂತೆಯಲ್ಲೋ ವಾರಕ್ಕೊಮ್ಮೆ ಕೊಳ್ಳಿ, ಇಡ್ಲಿ ಹಿಟ್ಟನ್ನು ಮನೆಯಲ್ಲೇ ರುಬ್ಬಿ, ರುಬ್ಬುವ ಕೆಲಸವನ್ನು ಇಬ್ಬರೂ ಹಂಚಿಕೊಳ್ಳಿ.

ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಕಾಣುವ 'ಕನಿಷ್ಠ ಮೊತ್ತ'ವನ್ನಷ್ಟೇ ಕಟ್ಟಿದರೆ ಉಳಿದ ಬಾಕಿಯ ಮೇಲೆ ಸಾಮಾನ್ಯವಾಗಿ ತಿಂಗಳಿಗೆ ಶೇಕಡಾ 3ಕ್ಕಿಂತ ಹೆಚ್ಚು ಬಡ್ಡಿ ಬೀಳುತ್ತದೆ; ವರ್ಷಕ್ಕೆ ಅದು ಶೇಕಡಾ 40ರ ಆಸುಪಾಸು. ಪೂರ್ತಿ ಕಟ್ಟಲಾಗದ ತಿಂಗಳು ಬಂದರೆ ಆ ಕಾರ್ಡನ್ನು ಬೀರುವಿನಲ್ಲಿಟ್ಟುಬಿಡಿ. ಚೀಟಿ ಹಾಕುವ ಮನಸ್ಸಿದ್ದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆಯಲ್ಲೇ ಹಾಕಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಪರಿಚಯದವರೆಂಬ ಒಂದೇ ಕಾರಣಕ್ಕೆ ಬೀದಿಯ ಚೀಟಿಗೆ ಹಣ ಕಟ್ಟಿದವರ ಕಣ್ಣೀರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಚಿನ್ನದ ಒಡವೆ ಕೊಂಡಾಗ ತೆರುವ ವೇಸ್ಟೇಜ್, ಮೇಕಿಂಗ್ ಚಾರ್ಜು ಮತ್ತು ಜಿಎಸ್‌ಟಿ ಮಾರುವಾಗ ಹಿಂತಿರುಗುವುದಿಲ್ಲ; ಆದ್ದರಿಂದ ಒಡವೆಯನ್ನು ತೊಡುವ ಆಸೆಗೆ ಕೊಳ್ಳಿ, ಉಳಿತಾಯವೆಂದು ಕೊಳ್ಳಬೇಡಿ.

ಪ್ರತಿ ತಿಂಗಳ ಮೊದಲ ಭಾನುವಾರ, ತಿಂಡಿಯಾದ ಮೇಲೆ, ಅರ್ಧ ಗಂಟೆ ಪುಸ್ತಕ ತೆರೆದು ಕುಳಿತುಕೊಳ್ಳಿ. ಮೊದಲ ಭೇಟಿಯಲ್ಲೇ ಮಾಡಿ ಮುಗಿಸಬೇಕಾದ ಕೆಲಸವೊಂದಿದೆ. ಬ್ಯಾಂಕ್ ಖಾತೆ, ಪಿಎಫ್, ವಿಮೆಗಳಲ್ಲಿ ಮದುವೆಗೆ ಮೊದಲು ಕೊಟ್ಟ ನಾಮಿನಿಯ ಹೆಸರೇ ಬಹುಮಂದಿಯ ದಾಖಲೆಗಳಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಪಿಎಫ್‌ಗೆ ಹೊಸದಾಗಿ ಇ-ನಾಮಿನೇಷನ್ ಸಲ್ಲಿಸಿ, ಜಂಟಿ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಿರ್ವಹಿಸಬಹುದಾದ ರೀತಿಯಲ್ಲಿ ತೆರೆದು, ಖಾತೆ ಮತ್ತು ಪಾಲಿಸಿಗಳ ಪಟ್ಟಿಯನ್ನು ಮುಯ್ಯಿ ಪುಸ್ತಕದ ಕೊನೆಯ ಪುಟದಲ್ಲೇ ಬರೆದು ಇಬ್ಬರ ಕೈಗೂ ಎಟುಕುವ ಕಡೆ ಇಡಿ.