ಹೊಗೆಕೊಳವೆ ಗೆರೆಗೆ ಬರಲಿ, ಆಮೇಲೆ ಒತ್ತಿ

ಗೋವಾದ ವಾಸ್ಕೋದ ಬೈನಾದಲ್ಲಿರುವ ನಮ್ಮ ಮನೆಯಲ್ಲಿ ಭಾನುವಾರ ಬಂತೆಂದರೆ ಅಕ್ಕನ ಮಗ, ಅವನ ಮೂರು ಜನ ಗೆಳೆಯರು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಆಟ 2005ರ ಸೈಲೆಂಟ್ ಹಂಟರ್ 3: ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನು ನಡೆಸಿ, ಟಾರ್ಪಿಡೊ ಎಂಬ ನೀರೊಳಗೆ ಓಡಿ ಸಿಡಿಯುವ ಅಸ್ತ್ರದಿಂದ ಶತ್ರು ಹಡಗು ಮುಳುಗಿಸುವ ಆಟ. ಹಳೆಯದಾದರೂ ಟಾರ್ಪಿಡೊ ಲೆಕ್ಕ ಕಲಿಯಲು ನನಗೆ ಇದೇ ಇಷ್ಟ. ಪ್ರತಿ ವಾರ ಒಂದೇ ದೂರು: "ಮಾಮಾ, ನಟ್ಟನಡು ಹೊಡದೇನ್ರೀ, ಆದ್ರೂ ಮುಳುಗವಲ್ದು." ನಟ್ಟನಡು ಹೊಡೆದದ್ದೇ ತಪ್ಪು. ಹಡಗಿನ ಮೇಲೆ ಲಾಕ್ ಹಾಕಿ (ಪೆರಿಸ್ಕೋಪ್ ತಾನಾಗಿಯೇ ಹಡಗನ್ನು ಹಿಂಬಾಲಿಸುವಂತೆ ಮಾಡಿ) ಗುಂಡಿ ಒತ್ತಿದರೆ ಟಾರ್ಪಿಡೊ ಹಡಗಿನ ಮಧ್ಯಕ್ಕೆ ಹೋಗುತ್ತದೆ. ನಮಗೆ ಬೇಕಾದ ಜಾಗ ಅಲ್ಲಿಯೇ ಇರಬೇಕೆಂದಿಲ್ಲ.

ಮೊದಲು ಜಾಗ ಆರಿಸಿ. ಹೊಗೆಕೊಳವೆಯ ಕೆಳಗೆ ಇಂಜಿನ್ ರೂಮು ಇರುತ್ತದೆ. ಆ ಕಾಲದ ಸರಕು ಹಡಗುಗಳಲ್ಲಿ ಹೊಗೆಕೊಳವೆ ಸಾಮಾನ್ಯವಾಗಿ ನಡುವಿನ ಆಸುಪಾಸಿನಲ್ಲಿ, ಟ್ಯಾಂಕರ್‌ಗಳಲ್ಲಿ ಹಿಂಬದಿಯಲ್ಲಿ. ಯುದ್ಧನೌಕೆಯಾದರೆ ಫಿರಂಗಿ ಗೋಪುರದ ಕೆಳಗಿನ ಮದ್ದುಗುಂಡಿನ ಕೋಣೆ. ಪ್ರೊಪೆಲ್ಲರ್‌ಗೆ ಹೊಡೆದರೆ ಹಡಗು ನಿಲ್ಲುತ್ತದೆ, ಮುಳುಗುವ ಖಾತ್ರಿ ಇಲ್ಲ. ನಾನು ಹುಡುಗರನ್ನು ಹೆಡ್‌ಲ್ಯಾಂಡ್ ಸಡಾಕ್ಕೆ ಕರೆದೊಯ್ದು ಮುರ್ಗಾಂವ್ ಬಂದರಿನ ಅದಿರು ಹಡಗುಗಳನ್ನು ತೋರಿಸಿದ್ದೇನೆ. ಹಿಂದುಗಡೆಯ ಮನೆಯಂಥ ಕಟ್ಟಡ, ಅದರ ಮೇಲೆ ಹೊಗೆಕೊಳವೆ, ಅದರಡಿ ಇಂಜಿನ್. ಒಮ್ಮೆ ಕಣ್ಣಿಗೆ ಕೂತರೆ ಪೆರಿಸ್ಕೋಪಿನಲ್ಲಿ ಮರೆಯುವುದಿಲ್ಲ. ಇದೇ ಬಂದರಿನಲ್ಲಿ 1943ರ ಮಾರ್ಚ್ 9ರಂದು ಜರ್ಮನಿಯ ಎಹ್ರೆನ್‌ಫೆಲ್ಸ್ ಹಡಗನ್ನು ಅದರ ಸಿಬ್ಬಂದಿಯೇ ಮುಳುಗಿಸಿದರು. ಅದರ ರೇಡಿಯೊದಿಂದ ಜರ್ಮನ್ ಸಬ್‌ಮರೀನುಗಳಿಗೆ ಸುದ್ದಿ ಹೋಗುತ್ತಿದೆಯೆಂದು ಬ್ರಿಟಿಷರು ಅದರ ಮೇಲೆ ದಾಳಿ ಮಾಡಿದ್ದರು. ನಮ್ಮ ಹುಡುಗರಿಗೆ ಈ ಆಟದ ರುಚಿ ಹತ್ತಿದ್ದು ಆ ಕಥೆ ಕೇಳಿದ ಮೇಲೆ.

ದಾರಿ ಗುರುತಿಸಿ, ಅಡ್ಡ ನಿಲ್ಲಿ. ನಕ್ಷೆಯಲ್ಲಿ ಕೆಲವು ನಿಮಿಷಗಳ ಅಂತರದಲ್ಲಿ ಹಡಗಿನ ಎರಡು ಜಾಗ ಗುರುತಿಸಿ ಗೆರೆ ಎಳೆಯಿರಿ. ಆ ಗೆರೆಗೆ ಸರಿಯಾಗಿ 90 ಡಿಗ್ರಿಗೆ ನಮ್ಮ ಮೂತಿ ಬರುವಂತೆ, ಸುಮಾರು 1000 ಮೀಟರ್ ದೂರದಲ್ಲಿ ನಿಂತು ಇಂಜಿನ್ ಬಂದ್ ಮಾಡಿ. ತೀರಾ ಹತ್ತಿರ ಹೋಗಬೇಡಿ. ಮೊದಲ 300 ಮೀಟರ್ ಓಡುವವರೆಗೆ ಟಾರ್ಪಿಡೊ ಸಿಡಿಯಲು ಸಿದ್ಧವಾಗಿರುವುದಿಲ್ಲ.

ವೇಗ ಅಳೆಯುವುದು. ಎಲ್ಲರೂ ಎಡವುವುದು ಇಲ್ಲೇ. ಎಲೆಕ್ಟ್ರಿಕ್ ಟಾರ್ಪಿಡೊ 30 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ 1000 ಮೀಟರ್ ಹೋಗಲು 65 ಸೆಕೆಂಡು ಬೇಕು. ಅಷ್ಟರಲ್ಲಿ 8 ನಾಟ್‌ನ ಹಡಗು 265 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ವೇಗವನ್ನು ಒಂದೇ ಒಂದು ನಾಟ್ ತಪ್ಪಾಗಿ ಹಾಕಿದರೂ ಏಟು 33 ಮೀಟರ್ ಸರಿಯುತ್ತದೆ. ಇಂಜಿನ್ ರೂಮಿಗೆ ಬೀಳಬೇಕಾದದ್ದು ಸರಕಿನ ಹೋಲ್ಡಿಗೆ ಬೀಳುತ್ತದೆ. ಹುಡುಗರು ಗುರಿ ಹಿಡಿಯುವ ಕೈಯನ್ನೇ ತಿದ್ದುತ್ತಾ ಕೂರುತ್ತಾರೆ. ತಿದ್ದಬೇಕಾದದ್ದು ಈ ಅಂಕಿಯನ್ನು.

ಪೆರಿಸ್ಕೋಪನ್ನು ಹಡಗು ಬರುವ ಕಡೆಗೆ, ಎಡದಿಂದ ಬರುತ್ತಿದ್ದರೆ 320 ಡಿಗ್ರಿಗೆ ತಿರುಗಿಸಿ (ನಮ್ಮ ಮೂತಿ ಸೊನ್ನೆ, ಅಲ್ಲಿಂದ ಬಲಕ್ಕೆ ಎಣಿಕೆ). ಲಾಕ್ ಬೇಡ. ಅಲುಗಾಡಿಸಲೂ ಬೇಡ. ಹಡಗಿನ ಮೂತಿ ನಡುಗೆರೆ ಮುಟ್ಟಿದ ಕ್ಷಣ ಸ್ಟಾಪ್‌ವಾಚ್ ಒತ್ತಿ, ಹಿಂತುದಿ ಗೆರೆ ದಾಟಿದಾಗ ನಿಲ್ಲಿಸಿ. ಗುರುತಿನ ಪುಸ್ತಕದಲ್ಲಿರುವ ಹಡಗಿನ ಉದ್ದವನ್ನು ಆ ಸೆಕೆಂಡುಗಳಿಂದ ಭಾಗಿಸಿ, 1.94ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ವೇಗ ಬಂತು. ಉದ್ದ 134 ಮೀಟರ್, ಸಮಯ 32 ಸೆಕೆಂಡು ಆದರೆ 8.1 ನಾಟ್. ಎರಡು ಸೆಕೆಂಡು ಬೇಗ ನಿಲ್ಲಿಸಿದಿರೋ 8.7 ಆಯಿತು, ಏಟು 20 ಮೀಟರಿನಷ್ಟು ಆಚೆ. ಹಡಗು ಓರೆಯಾಗಿ ಕಂಡರೂ ಚಿಂತೆಯಿಲ್ಲ. ನಾವು ನಿಂತಿದ್ದರೆ ಗೆರೆ ದಾಟುವಾಗ ಅದು ತನ್ನ ಉದ್ದದಷ್ಟೇ ಸಾಗಿರುತ್ತದೆ. ನಾವು ತೇಲುತ್ತಾ ಮುಂದೆ ಹೋಗುತ್ತಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ. ಅದಕ್ಕೇ ಇಂಜಿನ್ ಬಂದ್ ಅಂದದ್ದು. ಕಾಲ ಓಡಿಸುವ ಗುಂಡಿಯನ್ನು ಈ ಹೊತ್ತಿನಲ್ಲಿ ಮುಟ್ಟಲೇಬೇಡಿ. ಹಡಗುಗಳ ಸಾಲು ಬರುತ್ತಿದ್ದರೆ ಮುಂದಿನದನ್ನು ಅಳೆದು ಹಿಂದಿನದನ್ನು ಹೊಡೆಯಿರಿ, ವೇಗ ಒಂದೇ ಇರುತ್ತದೆ. ತಾನಾಗಿಯೇ ವೇಗ ತೋರಿಸುವ ಮಾಡ್‌ಗಳನ್ನು (ಆಟಗಾರರೇ ಮಾಡಿದ ಆಟದ ಮಾರ್ಪಾಡು) ಹಾಕಿಕೊಂಡವರನ್ನು ನೋಡಿದ್ದೇನೆ. ಅವರು ವರ್ಷವಾದರೂ ಹಡಗಿನ ನಡೆಯನ್ನು ಕಣ್ಣಳತೆಯಲ್ಲಿ ಹೇಳಲಾರರು. ಅಗ್ಗದ ಮೌಸ್ ಕೂಡ ಬೇಡ, ಅದು ಜಿಗಿದರೆ ಪೆರಿಸ್ಕೋಪೂ ಜಿಗಿಯುತ್ತದೆ.

ಅಂಕಿ ಹಾಕುವುದು, ಅಂದರೆ ಆಟದಲ್ಲಿ ಗುರಿ ಲೆಕ್ಕ ಹಾಕುವ ಯಂತ್ರಕ್ಕೆ ವೇಗ, ಕೋನ ಕೊಡುವುದು. ಹಿಂತುದಿ ದಾಟಿದ ಮೇಲೆ ನಿಮಗೆ ಸುಮಾರು ಒಂದೂಮುಕ್ಕಾಲು ನಿಮಿಷ ಸಿಗುತ್ತದೆ. 8 ನಾಟ್ ಹಡಗಿಗೆ 30 ನಾಟ್ ಟಾರ್ಪಿಡೊ ಬಿಡುವಾಗ ಪೆರಿಸ್ಕೋಪ್ 15 ಡಿಗ್ರಿ ಹಿಂದಕ್ಕಿರಬೇಕು: ಹಡಗು ಎಡದಿಂದ ಬಂದರೆ 345, ಬಲದಿಂದ ಬಂದರೆ 15. ಆಂಗಲ್ ಆನ್ ಬೋ (ಆ ಹಡಗಿನ ಮೂತಿಯಿಂದ ನಾವು ಎಷ್ಟು ಡಿಗ್ರಿ ಪಕ್ಕಕ್ಕಿದ್ದೇವೆ ಎಂಬ ಕೋನ) 75, ಎಡದಿಂದ ಬರುವ ಹಡಗಿಗೆ ಸ್ಟಾರ್‌ಬೋರ್ಡ್ (ಅದರ ಬಲಬದಿ), ಬಲದಿಂದ ಬರುವುದಕ್ಕೆ ಪೋರ್ಟ್ (ಎಡಬದಿ). ಇದನ್ನು ಅದಲುಬದಲು ಮಾಡಿದರೆ ಟಾರ್ಪಿಡೊ ಎಲ್ಲೋ ಹೋಗುತ್ತದೆ. ಸರಿಯಾಗಿದ್ದರೆ ಗೈರೋ ಕೋನ (ಟಾರ್ಪಿಡೊ ಹೊರಬಿದ್ದ ಮೇಲೆ ತಿರುಗುವ ಕೋನ) ಸೊನ್ನೆಯ ಹತ್ತಿರ ತೋರಿಸುತ್ತದೆ. ಗೈರೋ ಸೊನ್ನೆಯಿದ್ದಾಗ ದೂರದ ಅಂಕಿ ಹೆಚ್ಚುಕಡಿಮೆಯಾದರೂ ಗುರಿ ತಪ್ಪುವುದಿಲ್ಲ. ಈ ವಿಧಾನವನ್ನೇ ನಾನು ಹಿಡಿದಿರುವುದು ಅದಕ್ಕೆ. ಹಬೆಯ ಟಾರ್ಪಿಡೊವನ್ನು 44 ನಾಟ್‌ಗೆ ಇಟ್ಟರೆ 15ರ ಬದಲು 10 ಡಿಗ್ರಿ ಸಾಕು, ಆಂಗಲ್ ಆನ್ ಬೋ 80. ಹಗಲು ಹೊತ್ತಿನಲ್ಲಿ ಅದನ್ನು ಬಿಡಬೇಡಿ, ನೀರಿನ ಮೇಲೆ ಗುಳ್ಳೆಯ ಸಾಲು ಕಾಣುತ್ತದೆ.

ಆಳ. ಟಾರ್ಪಿಡೊವನ್ನು ಸಿಡಿಸುವ ಸಾಧನಕ್ಕೆ ಪಿಸ್ತೂಲು ಅನ್ನುತ್ತಾರೆ. ತಾಗಿದರೆ ಸಿಡಿಯುವ ಪಿಸ್ತೂಲಿಗೆ ಮೂರು ಮೀಟರ್. ಹಡಗಿನ ಕೀಲ್ (ತಳದ ಬೆನ್ನೆಲುಬು) ಕೆಳಗೆ ಸಿಡಿಯುವ ಮ್ಯಾಗ್ನೆಟಿಕ್ ಪಿಸ್ತೂಲು ಬೆನ್ನು ಮುರಿಯುತ್ತದೆ ನಿಜ, ಸಮುದ್ರ ಎದ್ದಿರುವಾಗ ನಾನು ಅದನ್ನು ನಂಬುವುದಿಲ್ಲ. 1940ರಲ್ಲಿ ನಾರ್ವೆಯ ಕಡಲಿನಲ್ಲಿ ಜರ್ಮನ್ ಸಬ್‌ಮರೀನುಗಳಿಗೆ ಇದು ಪದೇ ಪದೇ ಕೈಕೊಟ್ಟಿತ್ತು.

ಅಮೆರಿಕದ ಸಬ್‌ಮರೀನು ನಡೆಸುವ ಮುಂದಿನ ಆಟ ಸೈಲೆಂಟ್ ಹಂಟರ್ 4 ಆಡುವವರಿಗೆ ಒಂದು ಎಚ್ಚರಿಕೆ. ಅಮೆರಿಕದ ಮಾರ್ಕ್ 14 ಟಾರ್ಪಿಡೊ ಯುದ್ಧದ ಮೊದಲ ವರ್ಷಗಳಲ್ಲಿ ಹಡಗಿಗೆ ನೇರ 90 ಡಿಗ್ರಿಯಲ್ಲಿ ಬಡಿದರೆ ಅದರ ಮೊಳೆ ಜಜ್ಜಿಹೋಗಿ ಸಿಡಿಯುತ್ತಿರಲಿಲ್ಲ. ಅದಕ್ಕೆ ಓರೆ ಏಟೇ ಒಳ್ಳೆಯದು.

ಬಿಡುವುದು. ಟ್ಯೂಬಿನ ಬಾಗಿಲನ್ನು ಮೊದಲೇ ತೆರೆದಿಡಿ. ಮುಚ್ಚಿದ್ದರೆ ಗುಂಡಿ ಒತ್ತಿದ ಮೇಲೂ ಕೆಲವು ಸೆಕೆಂಡು ಹೋಗುತ್ತವೆ, ಸೆಕೆಂಡಿಗೆ ನಾಲ್ಕು ಮೀಟರಿನಂತೆ ಹಡಗು ಸರಿಯುತ್ತದೆ. ಪೆರಿಸ್ಕೋಪನ್ನು ಮುಟ್ಟದೆ ಕಾಯಿರಿ. ಮೂತಿ ದಾಟಲಿ, ಮುಂದಿನ ಕಂಬ ದಾಟಲಿ. ಹೊಗೆಕೊಳವೆ ಗೆರೆಗೆ ಬಂದಾಗ ಒತ್ತಿ. ಹಡಗಿನ ಯಾವ ಭಾಗ ಗೆರೆಯ ಮೇಲಿದ್ದಾಗ ಬಿಟ್ಟಿರೋ ಅದೇ ಭಾಗಕ್ಕೆ ಬಡಿಯುತ್ತದೆ.

ಎರಡನೆಯದನ್ನು ಒಡನೆಯೇ ಬಿಡಬೇಡಿ. ಏಟು ಎಲ್ಲಿ ಬಿತ್ತೆಂದು ನೋಡಿ. ಹೊಗೆಕೊಳವೆಗಿಂತ ಮೂತಿಯ ಕಡೆ ಬಿದ್ದಿದ್ದರೆ ಹಡಗು ನೀವು ಹಾಕಿದ್ದಕ್ಕಿಂತ ನಿಧಾನ, ಹಿಂಬದಿಗೆ ಬಿದ್ದಿದ್ದರೆ ಜೋರು. 33 ಮೀಟರಿಗೆ ಒಂದು ನಾಟ್ ತಿದ್ದಿ, ಸಾಲಿನಲ್ಲಿ ಹಿಂದೆ ಬರುವ ಹಡಗಿಗೆ ಆ ತಿದ್ದಿದ ಅಂಕಿಯನ್ನೇ ಇಟ್ಟುಕೊಳ್ಳಿ.