ಕೀಬೋರ್ಡಿನಲ್ಲೇ ಬೆಟ್ಟ ಬಿಡಿಸಿ: ಅಕ್ಷರ ಚಿತ್ರ ಶುರು ಮಾಡುವವರಿಗೆ

ಕೀಬೋರ್ಡಿನ ಅಕ್ಷರ, ಗೆರೆ, ಚುಕ್ಕಿಗಳನ್ನೇ ಜೋಡಿಸಿ ಬಿಡಿಸುವ ಚಿತ್ರಕ್ಕೆ ಆಸ್ಕಿ ಆರ್ಟ್ ಅನ್ನುತ್ತಾರೆ. ಬಣ್ಣ ಬೇಡ, ಇಂಟರ್ನೆಟ್ಟೂ ಬೇಡ. ಗಂಗಾವತಿಯಲ್ಲಿ ನನ್ನ ಹತ್ತಿರ ಕಂಪ್ಯೂಟರ್ ಕಲಿಯಲು ಬರುವ ಮಕ್ಕಳಿಗೆ ಮೊದಲ ವಾರವೇ ಇದನ್ನು ಮಾಡಿಸುತ್ತೇನೆ. ಬಹಳ ಮಕ್ಕಳು ಒಂದೇ ಕಡೆ ಎಡವುತ್ತಾರೆ. ಒಂದು ತಾಸು ಕೂತು ಚೆಂದದ ಚಿತ್ರ ಮಾಡುತ್ತಾರೆ, ಗೆಳೆಯರಿಗೆ ಕಳಿಸಿದ ಕೂಡಲೇ ಅದು ಸೊಟ್ಟಗಾಗುತ್ತದೆ. ‘ನನಗೆ ಚಿತ್ರ ಬರಲ್ಲ ಸರ್’ ಅಂತ ಬಿಟ್ಟುಬಿಡುತ್ತಾರೆ. ತಪ್ಪು ಅವರ ಕೈಯದಲ್ಲ, ಫಾಂಟಿನದು.

1. ನೋಟ್‌ಪ್ಯಾಡ್ ತೆರೆಯಿರಿ. ವರ್ಡ್ ಬೇಡವೇ ಬೇಡ. ಅಲ್ಲಿ ಮೂರು ಅಡ್ಡಗೆರೆ ಒತ್ತಿ ಎಂಟರ್ ಹೊಡೆದರೆ ಪುಟದ ಉದ್ದಕ್ಕೂ ಒಂದು ಗೀಟು ಬಂದು ಕೂರುತ್ತದೆ. ನೇರ ಉದ್ಧರಣ ಚಿಹ್ನೆಯನ್ನು ತಾನೇ ಬಾಗಿಸುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಉಚಿತ, ನಾನು ಬಳಸುವುದೂ ಅದನ್ನೇ.

2. ಫಾಂಟ್ ಸರಿ ಮಾಡಿಕೊಳ್ಳಿ. ಇಲ್ಲಿ ಅವಸರ ಬೇಡ. ಸಾಮಾನ್ಯ ಫಾಂಟುಗಳಲ್ಲಿ ಚುಕ್ಕಿಗೆ ಕಡಿಮೆ ಜಾಗ, @ ಚಿಹ್ನೆಗೆ ಜಾಸ್ತಿ ಜಾಗ. ನಮಗೆ ಬೇಕಾದದ್ದು ಎಲ್ಲಕ್ಕೂ ಒಂದೇ ಅಗಲ ಕೊಡುವ ಫಾಂಟ್. ಕನ್ಸೋಲಾಸ್ ಅಥವಾ ಕೊರಿಯರ್ ನ್ಯೂ ಆರಿಸಿ. ಪರೀಕ್ಷೆ ಸುಲಭ: ಒಂದು ಸಾಲಿನಲ್ಲಿ ಹತ್ತು ಚುಕ್ಕಿ, ಅದರ ಕೆಳಗೆ ಹತ್ತು @ ಒತ್ತಿ. ಎರಡೂ ಸಾಲು ಒಂದೇ ಕಡೆ ಮುಗಿದರೆ ಫಾಂಟ್ ಸರಿ ಇದೆ.

ಇನ್ನು ಖಾಲಿ ಜಾಗ. ಅದು ಸುಮ್ನೆ ಬಿಟ್ಟ ಜಾಗವಲ್ಲ, ಅದೂ ಒಂದು ಅಕ್ಷರ. 1963ರಲ್ಲಿ ಅಮೆರಿಕದಲ್ಲಿ ಬಂದ ಆಸ್ಕಿ ಪಟ್ಟಿಯಲ್ಲಿ ಅಕ್ಷರಕ್ಕೊಂದು ಸಂಖ್ಯೆ ಇದೆ. ಒಟ್ಟು 128 ಸಂಖ್ಯೆ. ಖಾಲಿ ಜಾಗಕ್ಕೂ 32 ಎಂಬ ಸ್ವಂತ ಸಂಖ್ಯೆಯೇ ಇದೆ. ಚುಕ್ಕಿ ರಂಗೋಲಿ ಹಾಕುವಾಗ ಒಂದು ಚುಕ್ಕಿ ತಪ್ಪಿದರೆ ಇಡೀ ಎಳೆ ತಪ್ಪುತ್ತದೆ ಅಲ್ವಾ, ಹಾಗೆಯೇ ಇಲ್ಲಿ ಖಾಲಿ ಜಾಗವನ್ನೂ ಎಣಿಸಿಯೇ ಇಡಬೇಕು. ಟ್ಯಾಬ್ ಕೀ ಮಾತ್ರ ಮುಟ್ಟಬೇಡಿ. ಒಂದು ಕಡೆ ಅದು ನಾಲ್ಕು ಜಾಗ ಜಿಗಿದರೆ ಇನ್ನೊಂದು ಕಡೆ ಎಂಟು ಜಿಗಿಯುತ್ತದೆ.

ನನ್ನ ಪದ್ಧತಿ ಹೀಗೆ. ಮೊದಲು ಸ್ಪೇಸ್ ಬಾರಿನಿಂದ 40 ಖಾಲಿ ಜಾಗದ ಒಂದು ಸಾಲು ಮಾಡಿ. ಅದನ್ನು ಕಾಪಿ ಮಾಡಿ 20 ಸಾಲು ಅಂಟಿಸಿ. ಇದೇ ನಿಮ್ಮ ಹಾಳೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಇನ್ಸರ್ಟ್ ಕೀ ಒತ್ತಿದರೆ ಹೊಸ ಅಕ್ಷರ ಹಳೆಯದರ ಮೇಲೆಯೇ ಬೀಳುತ್ತದೆ, ಬಲಗಡೆಯದು ಸರಿಯುವುದಿಲ್ಲ. ಸಾದಾ ನೋಟ್‌ಪ್ಯಾಡಿನಲ್ಲಿ ಈ ಸೌಲಭ್ಯ ಇಲ್ಲದಿರಬಹುದು. ಅಲ್ಲಿ ಒಂದು ಅಕ್ಷರ ಸೇರಿಸಿದಾಗಲೆಲ್ಲ ಮುಂದಿನ ಒಂದು ಖಾಲಿ ಜಾಗ ಅಳಿಸಿ.

3. ಎತ್ತರ, ಅಗಲ ಲೆಕ್ಕ ಹಾಕಿ. 40 ಅಗಲಕ್ಕೆ 20 ಸಾಲು ಯಾಕೆ? ಒಂದು ಅಕ್ಷರ ಕೂರುವ ಮನೆ ಚೌಕವಾಗಿಲ್ಲ, ಎತ್ತರ ಅಗಲದ ಸುಮಾರು ಎರಡರಷ್ಟು. ಅಗಲಕ್ಕೆ 20 ಅಕ್ಷರ, ಎತ್ತರಕ್ಕೆ 20 ಸಾಲು ಇಟ್ಟು ಚಂದ್ರನನ್ನು ಬಿಡಿಸಿದರೆ ಮೊಟ್ಟೆ ಆಗುತ್ತಾನೆ. ಗಣಿತದ ಚೌಕುಳಿ ಹಾಳೆಯಲ್ಲಿ ನಕ್ಷೆ ತೆಗೆಯುವವರು ಮೇಲೆ ಕೆಳಗಿನ ಎರಡು ಚೌಕ ಸೇರಿಸಿ ಒಂದು ಮನೆ ಅಂತ ಹಿಡಿಯಿರಿ.

4. ಹೊರಗೆರೆ ಬಿಡಿಸಿ. ನಾನು ಮಕ್ಕಳಿಗೆ ಮೊದಲು ಕೊಡುವುದು ಆನೆಗೊಂದಿ ಹತ್ತಿರದ ಅಂಜನಾದ್ರಿ ಬೆಟ್ಟವನ್ನೇ. ಎಲ್ಲರೂ ಕಣ್ಣಾರೆ ನೋಡಿದ ಬೆಟ್ಟ, ದೂರದಿಂದಲೇ ಬಿಳಿ ಮೆಟ್ಟಿಲು ಕಾಣುತ್ತದೆ. 575 ಮೆಟ್ಟಿಲನ್ನೂ ತುರುಕಲು ಹೋಗಬೇಡಿ. ಅತ್ತಿತ್ತ ತಿರುಗುವ ದಾರಿ ಕಂಡರೆ ಸಾಕು, ಊರಿನವರು ಗುರುತು ಹಿಡಿಯುತ್ತಾರೆ.

            |>
           /_\
          _|_|_
         /  == \
        /  ==   \
       /    ==   \
      /____==_____\

ಓರೆಗೆರೆಯಿಂದ ಇಳಿಜಾರು ಬಹಳ ಕಡಿದಾಗಿ ಬರುತ್ತದೆ. ಮೆಲ್ಲಗೆ ಇಳಿಯುವ ಗುಡ್ಡ ಬೇಕಾದರೆ ಕೆಳಗೆರೆ, ಚುಕ್ಕಿ, ಅಡ್ಡಗೆರೆ, ಮೇಲಿನ ಚಿಹ್ನೆ ಹೀಗೆ ಸಾಲಾಗಿ ಇಡಿ: _.-'

5. ನೆರಳು ತುಂಬಿ. ತಿಳಿಯಿಂದ ಗಾಢಕ್ಕೆ ಈ ಕ್ರಮ ಬಾಯಿಪಾಠ ಮಾಡಿ: . : - = + * # % @. ಬಿಳಿ ಪರದೆಯಲ್ಲಿ @ ಕತ್ತಲೆ. ಕಪ್ಪು ಪರದೆಯಲ್ಲಿ ಅದೇ ಬೆಳಕು. ಯಾವ ಪರದೆಗೆ ಅಂತ ಮೊದಲೇ ತೀರ್ಮಾನಿಸಿ. ಮೂರು ಚಿಹ್ನೆಗಿಂತ ಜಾಸ್ತಿ ಬಳಸದಿದ್ದರೆ ಮೊದಲ ಚಿತ್ರ ಚೊಕ್ಕವಾಗಿರುತ್ತದೆ.

ಫೋಟೊ ಹಾಕಿದರೆ ಅಕ್ಷರ ಚಿತ್ರ ಮಾಡಿಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ. ಆ ಕೆಲಸ ಹೊಸದೇನಲ್ಲ. 1966ರಲ್ಲೇ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಕೆನ್ ನೋಲ್ಟನ್ ಮತ್ತು ಲಿಯಾನ್ ಹಾರ್ಮನ್ ಒಂದು ಫೋಟೊವನ್ನು ಕಂಪ್ಯೂಟರಿನಿಂದ ಸಣ್ಣ ಚಿಹ್ನೆಗಳ ದೊಡ್ಡ ಚಿತ್ರವಾಗಿಸಿದ್ದರು. ಆದರೆ ಕಲಿಯುವವರು ಐದು ಚಿತ್ರ ಕೈಯಾರೆ ಮಾಡುವ ತನಕ ಈ ಆ್ಯಪ್‌ಗಳ ಹತ್ತಿರ ಹೋಗಬೇಡಿ. ನಾನು ಹಾಕಿ ನೋಡಿದ ಒಂದರಲ್ಲಿ ಚಿತ್ರಕ್ಕಿಂತ ಜಾಹೀರಾತೇ ಜಾಸ್ತಿ ಇತ್ತು, ಮುಖವೆಲ್ಲ ಕಲಸಿ ಹೋಗಿತ್ತು.

ಕನ್ನಡ ಅಕ್ಷರದಲ್ಲೇ ಬಿಡಿಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನನಗೂ ಆಸೆ ಇದೆ. ಆದರೆ ‘ರ’ ಮತ್ತು ‘ಮೌ’ ಅಗಲ ಒಂದೇ ಅಲ್ಲ, ಒತ್ತಕ್ಷರ ಕೆಳಗೆ ಇಳಿಯುತ್ತದೆ, ಹಾಗಾಗಿ ಸಾಲು ಕೂಡುವುದಿಲ್ಲ. ಸದ್ಯಕ್ಕೆ ಚಿತ್ರದ ಕೆಳಗೆ ಬೇರೆ ಸಾಲಿನಲ್ಲಿ ನಿಮ್ಮ ಹೆಸರು ಕನ್ನಡದಲ್ಲಿ ಬರೆಯಿರಿ.

6. ಉಳಿಸಿ, ಕಳಿಸಿ. ಉಳಿಸುವಾಗ ಯುಟಿಎಫ್-8 (ಕನ್ನಡ ಅಕ್ಷರವನ್ನೂ ಕೆಡಿಸದೆ ಉಳಿಸುವ ವಿಧಾನ) ಆರಿಸಿ. ವಾಟ್ಸಾಪಿನಲ್ಲಿ ಸುಮ್ನೆ ಅಂಟಿಸಿದರೆ ಸೊಟ್ಟಗಾಗುತ್ತದೆ. ಚಿತ್ರದ ಮೊದಲು ಮತ್ತು ಕೊನೆಗೆ ``` ಹಾಕಿ. ಕೀಬೋರ್ಡಿನಲ್ಲಿ 1ರ ಎಡಕ್ಕಿರುವ ಚಿಹ್ನೆ ಅದು, ಮೂರು ಸಲ ಒತ್ತಬೇಕು. ಅಗಲ ಜಾಸ್ತಿ ಇದ್ದರೆ ಮೊಬೈಲಿನಲ್ಲಿ ಸಾಲು ಮುರಿಯುತ್ತದೆ. 20 ಅಕ್ಷರದೊಳಗೆ ಮುಗಿಸಿ, ಇಲ್ಲವೇ ಸ್ಕ್ರೀನ್‌ಶಾಟ್ ಕಳಿಸಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವವರು ಮನೆಯಲ್ಲೇ ಪಿಡಿಎಫ್ ಮಾಡಿಕೊಂಡು ಹೋಗಿ. ಅಲ್ಲಿನ ಕಂಪ್ಯೂಟರಿನಲ್ಲಿ ಯಾವ ಫಾಂಟ್ ಇರುತ್ತದೋ ಹೇಳಲಾಗದು.